ಕಂಬಳಿ ಪಟ್ಟಿಯಲ್ಲಿ ಅಮ್ಮನ ಹೆಸರು

ಅಮ್ಮನಿಗೆ 58 ತುಂಬಿದ ತಿಂಗಳು ಅವಳು ದುಡಿಯುತ್ತಿದ್ದ ಕಾಫಿ ತೋಟದ ಆಫೀಸಿನಿಂದ ಕರೆ ಬಂತು. 2022ರ ಮೇ 31, ಮಂಗಳವಾರ. ತೋಟದ ಲೆಕ್ಕ ಬರೆಯುವ ರೈಟರ್ ಮೇಜಿನ ಮೇಲೆ ಒಂದು ಕವರ್ ಇಟ್ಟರಂತೆ. ಪಕ್ಕದಲ್ಲಿ ಒಂದು ಓಚರ್. "ಇಲ್ಲಿ ಸೈನ್ ಹಾಕಮ್ಮ, 40,000 ಇದೆ. ಸಾಹೇಬ್ರು ಖುಷಿಯಿಂದ ಕೊಟ್ಟಿರೋದು" ಅಂದರಂತೆ. ಓಚರ್ ಇಂಗ್ಲಿಷಿನಲ್ಲಿತ್ತು. ಅಮ್ಮನಿಗೆ ಕನ್ನಡವೇ ಕೂಡಿಸಿ ಕೂಡಿಸಿ ಓದೋಕೆ ಬರೋದು. "ಕನ್ನಡಕ ತಂದಿಲ್ಲ ಸಾರ್, ನಾಳೆ ಬಂದು ಹಾಕ್ತೀನಿ" ಅಂತ ಹೇಳಿ ಎದ್ದು ಬಂದುಬಿಟ್ಟಳು.

ಅವಳ ಹತ್ತಿರ ಕನ್ನಡಕವೇ ಇಲ್ಲ.

ಆ "ನಾಳೆ" ಬರೋದಕ್ಕೆ ಒಂದು ವರ್ಷ ಮೂರು ತಿಂಗಳು ಹಿಡಿಯಿತು.

ನಾನು ಕೊಡಗಿನ ಸಿದ್ದಾಪುರದಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಆಧಾರ್ ತಿದ್ದುಪಡಿ, ರೇಷನ್ ಕಾರ್ಡು, ಪಿಂಚಣಿ, ಸ್ಕಾಲರ್‌ಶಿಪ್ಪು, ದಿನಪೂರ್ತಿ ಬೇರೆಯವರ ಅರ್ಜಿ ತುಂಬೋದೇ ನನ್ನ ಕೆಲಸ. ಅಂಥ ನಾನು ಅವತ್ತು ಸಂಜೆ ಅಮ್ಮನಿಗೆ ಏನು ಹೇಳಿದೆ ಗೊತ್ತಾ? "ನಲವತ್ತು ಸಾವಿರ ಕೊಡ್ತಾರೆ ಅಂದ್ರೆ ಸುಮ್ನೆ ತಗೋಬಾರ್ದಿತ್ತಾ" ಅಂದೆ. ಗ್ರಾಚ್ಯುಟಿ ಅನ್ನೋ ಪದ ಕೇಳಿದ್ದೆ. ಅದು ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂರುವವರಿಗೆ ಅಂದುಕೊಂಡಿದ್ದೆ.

ಮಾರನೇ ದಿನ ಯೂನಿಯನ್ ಮಾವ ಅಂಗಡಿಗೆ ಬಂದರು. ನಮ್ಮ ಲೈನ್ ಮನೆಗಳ ಕಡೆ, ಅಂದರೆ ತೋಟದವರು ಆಳುಗಳಿಗೆ ಕೊಟ್ಟ ಸಾಲು ಮನೆಗಳ ಕಡೆ, ಎಲ್ಲರಿಗೂ ಅವರು ಹಾಗೇ. ಅಮ್ಮ "ಅಣ್ಣ" ಅನ್ನುತ್ತಾಳೆ, ಹಾಗಾಗಿ ನನಗೆ ಮಾವ. ತೋಟ ಕಾರ್ಮಿಕರ ಸಂಘದ ಕಾರ್ಯದರ್ಶಿ. ಎಪ್ಪತ್ತರ ಹತ್ತಿರ ವಯಸ್ಸು, ಕೈಯಲ್ಲಿ ಯಾವಾಗಲೂ ಒಂದು ರೆಕ್ಸಿನ್ ಬ್ಯಾಗು. ಸಭೆಯ ನೋಟಿಸು 30 ಕಾಪಿ ಬೇಕಿತ್ತು. ಮೆಷಿನ್ ಓಡುತ್ತಿದ್ದಾಗ ಸುಮ್ನೆ ಮಾತಿಗೆ ಹೇಳಿದೆ, ಅಮ್ಮನಿಗೆ ಹೀಗೆ ಹೀಗೆ ಅಂತ.

ಅವರು ಮಾತಾಡಲಿಲ್ಲ. ನನ್ನ ಮೇಜಿನ ಮೇಲಿದ್ದ ಕ್ಯಾಲ್ಕುಲೇಟರ್ ಎಳೆದುಕೊಂಡರು.

"ಕೊನೇ ದಿನಗೂಲಿ ಎಷ್ಟು?"

"380."

"ಯಾವಾಗ ಸೇರಿದ್ದು?"

"89ರ ಬೇಸಿಗೆ. ಮಳೆ ಹಿಡಿಯೋಕೆ ಮುಂಚೆ."

380ನ್ನು 15ರಿಂದ ಗುಣಿಸಿದರು. 5,700. ಅದನ್ನು 33ರಿಂದ ಗುಣಿಸಿದರು. ಕ್ಯಾಲ್ಕುಲೇಟರನ್ನು ನನ್ನ ಕಡೆ ತಿರುಗಿಸಿಟ್ಟರು. 1,88,100.

"ಖುಷಿಯಿಂದ ಕೊಡೋದು ದೀಪಾವಳಿ ಸ್ವೀಟು. ಇದು ಲೆಕ್ಕ" ಅಂದರು.

ಲೆಕ್ಕ ಅಂದರೆ ಇಷ್ಟೇ. 1972ರ ಗ್ರಾಚ್ಯುಟಿ ಪಾವತಿ ಕಾಯ್ದೆ ಪ್ರಕಾರ ಐದು ವರ್ಷ ಬಿಡದೆ ದುಡಿದು ನಿವೃತ್ತಿ ಆದವರಿಗೆ ವರ್ಷಕ್ಕೆ 15 ದಿನದ ಕೂಲಿ. ಕೊನೆಗೆ ಪಡೆದ ಕೂಲಿಯ ಮೇಲೆ ಲೆಕ್ಕ. ಕೊನೆಯಲ್ಲಿ ಆರು ತಿಂಗಳಿಗಿಂತ ಜಾಸ್ತಿ ಉಳಿದರೆ ಅದೂ ಒಂದು ವರ್ಷ. ಕೆಲಸಗಾರ ಅರ್ಜಿ ಕೊಡಲಿ ಬಿಡಲಿ, ಮಾಲೀಕರೇ ಲೆಕ್ಕ ಹಾಕಿ 30 ದಿನದೊಳಗೆ ಕೊಡಬೇಕು. ತಡ ಮಾಡಿದರೆ ಬಡ್ಡಿ. ಗ್ರಾಚ್ಯುಟಿ ಅನ್ನೋ ಹೆಸರೇ ಮೋಸದ್ದು ಅನ್ನಿಸುತ್ತೆ ನನಗೆ. ಕೇಳಿದರೆ ಇನಾಮು ಅನ್ನೋ ಹಾಗಿದೆ. ರೈಟರ್ ಅದನ್ನೇ ಕನ್ನಡಕ್ಕೆ ತಿರುಗಿಸಿ "ಖುಷಿಯಿಂದ" ಅಂದಿರಬೇಕು, ಪಾಪ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದು 2022–23ರ ಕಥೆ. ಆಮೇಲೆ 2025ರ ನವೆಂಬರ್‌ನಲ್ಲಿ ಹಳೇ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಸಂಹಿತೆಗಳು ಬಂದವು. ಗ್ರಾಚ್ಯುಟಿ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಕೊಂಡಿದೆ. 15 ದಿನದ ಲೆಕ್ಕ ಮಾತ್ರ ಹಾಗೇ ಇದೆ.

ಮಾವ ಬ್ಯಾಗಿನಿಂದ ‘ಐ’ ನಮೂನೆ ತೆಗೆದರು. ಕೆಲಸಗಾರ ಮಾಲೀಕರಿಗೆ ಕೊಡುವ ಅರ್ಜಿ ಅದು. ಹೆಸರು, ಕೆಲಸಕ್ಕೆ ಸೇರಿದ ದಿನ, ಬಿಟ್ಟ ದಿನ, ಕಾರಣ, ಕೊನೇ ಕೂಲಿ. ಒಂದೇ ಹಾಳೆ. ನಾನು ತುಂಬಿದೆ, ಅಮ್ಮ ಸಹಿ ಹಾಕಿದಳು. ಎರಡು ಪ್ರತಿ ಮಾಡಿ, ಒಂದರ ಮೇಲೆ ತೋಟದ ಆಫೀಸಿನ ಸೀಲು ಹಾಕಿಸಿಕೊಂಡು ಬಾ ಅಂದರು. ರೈಟರ್ ಸೀಲು ಹಾಕಲಿಲ್ಲ. "ಸಾಹೇಬ್ರು ಇಲ್ಲ" ಅಂದರು. ಮಾವ ನಕ್ಕು, ರಿಜಿಸ್ಟರ್ಡ್ ಪೋಸ್ಟ್ ಮಾಡಿಸಿದರು. "ಸಾಹೇಬ್ರು ಇಲ್ದೇ ಇರ್ಬಹುದು, ಪೋಸ್ಟ್‌ಮ್ಯಾನ್ ಇರ್ತಾನಲ್ಲ."

ಉತ್ತರ ಬಂತು. ಅಮ್ಮ ಕಾಯಂ ಆಗಿದ್ದು 2005ರ ಏಪ್ರಿಲ್‌ನಲ್ಲಿ, ಪಿಎಫ್ ಕಟ್ಟಿರುವುದೂ ಆವಾಗಿನಿಂದಲೇ, ಹಾಗಾಗಿ 17 ವರ್ಷಕ್ಕೆ 96,900 ಕೊಡಬಹುದು ಅಂತ. ಅದಕ್ಕೆ ಮುಂಚೆ ಅವಳು "ಸೀಸನ್ ಆಳು" ಅಂತೆ. ಜೊತೆಗೆ ಕೊನೇ ಸಾಲಿನಲ್ಲಿ ಲೈನ್ ಮನೆ ಖಾಲಿ ಮಾಡುವ ವಿಷಯ.

ಗಮನಿಸಿ, ಒಂದು ಅರ್ಜಿ ಹೋದದ್ದಕ್ಕೇ 40,000 ಇದ್ದದ್ದು 96,900 ಆಯಿತು. ಖುಷಿ ದುಪ್ಪಟ್ಟಿಗಿಂತ ಜಾಸ್ತಿಯಾಯಿತು ಅಂತ ನಾನು ತಮಾಷೆ ಮಾಡಿದೆ. ಮನೆಯಲ್ಲಿ ಯಾರೂ ನಗಲಿಲ್ಲ.

ಯಾಕಂದರೆ ಮನೆ. ಒಂದೇ ಸಾಲಿನಲ್ಲಿ ಎಂಟು ಬಾಗಿಲು, ನಮ್ಮದು ಐದನೇದು. ಅತ್ತಿಗೆ ಅದೇ ತೋಟದಲ್ಲಿ ಕೆಲಸ ಮಾಡುತ್ತಾಳೆ. ಅಮ್ಮನ ಕೆಲಸ ಮುಗಿದ ಮೇಲೆ ಮನೆ ಅವಳ ಹೆಸರಿಗೆ ಆಗಬೇಕು. ಅಣ್ಣ ಗೋಣಿಕೊಪ್ಪದ ಕಡೆ ಆಟೋ ಓಡಿಸುತ್ತಾನೆ, ಅವನಿಗೆ ತೋಟದ ಹಂಗಿಲ್ಲ, ಆದರೂ ಮಲಗೋದು ಅದೇ ಸೂರಿನ ಕೆಳಗೆ ತಾನೇ. ಆ ರಾತ್ರಿ ಅತ್ತಿಗೆ ಅನ್ನಕ್ಕೆ ಸಾರು ಬಡಿಸುತ್ತಾ, ಯಾರ ಮುಖವನ್ನೂ ನೋಡದೆ, "ಅತ್ತೆ, ತೊಂಬತ್ತಾರು ಸಾವಿರ ಅಂದ್ರೆ ಕಮ್ಮಿ ಏನಲ್ಲ" ಅಂದಳು. ಅವಳದು ತಪ್ಪು ಅಂತ ನಾನು ಹೇಳೋದಿಲ್ಲ. ನಾಳೆ ಬೆಳಗ್ಗೆ ಏಳೂವರೆಗೆ ಮಸ್ಟರ್‌ಗೆ ನಿಂತು ಹಾಜರಿ ಹಾಕಿಸಬೇಕಾದವಳು ಅವಳು. ಮೇಸ್ತ್ರಿ ಅವಳಿಗೆ ಕಡಿದಾದ ಬರೆಯ, ಅಂದರೆ ಇಳಿಜಾರಿನ, ಸಾಲು ಕೊಡಬಹುದು, ಎತ್ತರದ ಏಣಿ ಕೊಡಬಹುದು. ಇದೆಲ್ಲ ಯಾವ ಕಾಯ್ದೆಯಲ್ಲೂ ಬರೆದಿರೋದಿಲ್ಲ.

ಮಾವ ಮನೆಗೇ ಬಂದರು. ಕಟ್ಟೆ ಮೇಲೆ ಕೂತು ಕಾಫಿ ಕುಡಿದರು. ಅತ್ತಿಗೆಯ ಜೊತೆ ತುಂಬಾ ಹೊತ್ತು ಮಾತಾಡಿದರು. ಅವರು ಧೈರ್ಯ ಹೇಳಲಿಲ್ಲ, ಅದು ನನಗೆ ಇಷ್ಟವಾಯಿತು. "ತೊಂದ್ರೆ ಕೊಡಲ್ಲ ಅಂತ ನಾನು ಹೇಳಲ್ಲಮ್ಮ. ಕೊಟ್ರೆ ಅವತ್ತೇ ನಂಗೆ ಹೇಳು. ತಿಂಗಳು ಬಿಟ್ಟು ಹೇಳಿದ್ರೆ ಆಗಲ್ಲ" ಅಂದರು. ಮನೆ ವಿಷಯಕ್ಕೆ ಬೇರೆ ಅರ್ಜಿ ಬರೆಸಿದರು, ಅತ್ತಿಗೆಯ ಹೆಸರಿನಲ್ಲಿ. ಕೆಲಸಗಾರರಿಗೆ ಮನೆ ಕೊಡೋದು 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯಲ್ಲೇ ಇತ್ತು. ಅದನ್ನು ಹಿಡಿದುಕೊಂಡು ಗ್ರಾಚ್ಯುಟಿ ಒಂದು ದಾರಿ, ಮನೆ ಒಂದು ದಾರಿ ಅಂತ ಬಿಡಿಸಿಟ್ಟರು. ಗಂಟು ಹಾಕಿ ಕೊಟ್ಟಿದ್ದನ್ನು ಬಿಡಿಸಿದ ಮೇಲೆ ಅತ್ತಿಗೆಯ ಮುಖ ಸ್ವಲ್ಪ ಸಡಿಲವಾಯಿತು.

ಇನ್ನು ಕಾರ್ಮಿಕ ಇಲಾಖೆಗೆ ಹೋಗಬೇಕು. ಅದಕ್ಕೆ ‘ಎನ್’ ನಮೂನೆ. ಆದರೆ ಅದರ ಜೊತೆಗೆ ಸಾಕ್ಷಿ ಬೇಕು. 1989ರಿಂದ 2005ರವರೆಗೆ ಅಮ್ಮ ಆ ತೋಟದಲ್ಲಿ ದುಡಿದಿದ್ದಳು ಅನ್ನೋದಕ್ಕೆ ಏನಿದೆ?

ನಾನು ಹುಟ್ಟಿ ಬೆಳೆದದ್ದು ಅಲ್ಲಿ. ಅಮ್ಮ ಕಾಫಿ ಕುಯ್ಯುವಾಗ ಗಿಡದ ಬುಡದಲ್ಲಿ ಗೋಣಿ ಹಾಸಿ ನನ್ನನ್ನು ಮಲಗಿಸಿದ್ದು ಎಲ್ಲರಿಗೂ ಗೊತ್ತು. ಆದರೆ "ಎಲ್ಲರಿಗೂ ಗೊತ್ತು" ಅನ್ನೋದಕ್ಕೆ ಸೀಲು ಇರೋದಿಲ್ಲವಲ್ಲ. ಹಳೇ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ, ಎಲ್ಲಾ ತೋಟದ ಆಫೀಸಿನಲ್ಲಿ. ಕೂಲಿ ಚೀಟಿ ಆವಾಗ ಕೊಡುತ್ತಲೇ ಇರಲಿಲ್ಲ, ಕೊಟ್ಟರೂ ಒಲೆ ಹಚ್ಚೋಕೆ ಹೋಗುತ್ತಿತ್ತು.

ಅಮ್ಮ ಮಂಚದ ಕೆಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ಎಳೆದಳು. ಅದರೊಳಗೆ ನನ್ನ ಕಿವಿ ಚುಚ್ಚಿಸಿದಾಗಿನ ತಂತಿ, ಅಪ್ಪನ ಬೀಡಿ ಲೈಟರು, ಒಂದು ಕಟ್ಟು ಗುಲಾಬಿ ಬಣ್ಣದ ಚೀಟಿಗಳು. ಯೂನಿಯನ್ ಚಂದಾ ರಸೀದಿ. ತಿಂಗಳಿಗೆ ಒಂದು ರೂಪಾಯಿ, ಆಮೇಲೆ ಎರಡು, ಆಮೇಲೆ ಐದು. ಕೆಲವು ಇಲಿ ತಿಂದಿವೆ. ಕೆಲವು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿವೆ. "ಯಾಕಮ್ಮ ಇಟ್ಕೊಂಡಿದ್ದೀಯ?" ಅಂದೆ. "ದುಡ್ಡು ಕೊಟ್ಟು ತಗೊಂಡಿದ್ದಲ್ವಾ" ಅಂದಳು.

ನಾನು ಅವನ್ನು ಅಂಗಡಿಗೆ ತಂದು ಒಂದೊಂದಾಗಿ ಬಿಡಿಸಿದೆ. ಹಬೆ ಹಿಡಿದು ಬಿಡಿಸಬೇಕು, ಇಲ್ಲದಿದ್ದರೆ ಹರಿಯುತ್ತವೆ. ವರ್ಷದ ಪ್ರಕಾರ ಜೋಡಿಸಿ ಬಿಳಿ ಹಾಳೆ ಮೇಲೆ ಅಂಟಿಸಿ ಜೆರಾಕ್ಸ್ ತೆಗೆದೆ. ಆಮೇಲೆ ಇನ್ನೊಂದು ಚೀಟಿ ಸಿಕ್ಕಿತು. 1994ರದು. ಹೆರಿಗೆ ರಜೆಯ ಸಂಬಳ ಪಡೆದದ್ದಕ್ಕೆ ತೋಟದವರು ಕೊಟ್ಟ ಚೀಟಿ, ಸೀಲು ಸಮೇತ. ನಾನು ಹುಟ್ಟಿದ್ದು ಆ ವರ್ಷ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಆವಾಗ 12 ವಾರ ಇತ್ತು, 26 ವಾರ ಆಗಿದ್ದು 2017ರಲ್ಲಿ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಆ ಮಾಲೀಕರ ಹತ್ತಿರ ದುಡಿದವರಿಗೆ ಮಾತ್ರ ಅದು ಸಿಗೋದು. ಅಂದರೆ ನಾನು ಹುಟ್ಟಿದ್ದೂ ಒಂದು ಸಾಕ್ಷಿ! ಅದನ್ನು ಮೂರು ಕಾಪಿ ತೆಗೆದು, ದುಡ್ಡು ಗಲ್ಲಾಪೆಟ್ಟಿಗೆಗೆ ನಾನೇ ಹಾಕಿದೆ.

ಆದರೂ 94ಕ್ಕಿಂತ ಹಿಂದೆ ಗಟ್ಟಿಯಾದದ್ದು ಏನೂ ಇರಲಿಲ್ಲ. ಒಂದು ಭಾನುವಾರ ಮಾವ ಯೂನಿಯನ್ ಆಫೀಸಿಗೆ ಕರೆದರು. ಒಂದು ಅಂಗಡಿಯ ಮಹಡಿ ಮೇಲಿನ ಕೋಣೆ. ಒಂದು ಮೇಜು, ಎರಡು ಬೆಂಚು, ಗೋಡೆಗೆ ಹಳೇ ಕ್ಯಾಲೆಂಡರು, ಒಂದು ಕಬ್ಬಿಣದ ಬೀರು. ಬೀರುವಿನಲ್ಲಿ ನುಸಿಗುಳಿಗೆ ವಾಸನೆ. ಒಳಗೆ ಬರೀ ರಿಜಿಸ್ಟರುಗಳು, ಬಟ್ಟೆಯಲ್ಲಿ ಕಟ್ಟಿದ ಫೈಲುಗಳು.

"ಇಷ್ಟೆಲ್ಲಾ ಯಾಕಿಟ್ಟಿದ್ದೀರ ಮಾವ?"

"ಇಡ್ಲೇಬೇಕು. ಕಾನೂನು" ಅಂದರು. ಹಾಗೆ ಶುರುವಾಯಿತು ಅವರ ಪಾಠ. ಮಾವನಿಗೆ ಭಾಷಣದ ಚಟ ಇದೆ, ಸಭೆಯಲ್ಲಿ ಅವರು ಮೈಕ್ ಹಿಡಿದರೆ ಹೆಂಗಸರು ಹಿಂದಿನಿಂದ ಒಬ್ಬೊಬ್ಬರೇ ಜಾರಿಕೊಳ್ಳುತ್ತಾರೆ. ಅವತ್ತು ಮಾತ್ರ ನಾನು ಪೂರ್ತಿ ಕೇಳಿದೆ. ಧೂಳು ಒರೆಸೋ ಕೆಲಸ ಇತ್ತಲ್ಲ, ತಪ್ಪಿಸಿಕೊಳ್ಳೋ ಹಾಗಿರಲಿಲ್ಲ.

ಕೊಡಗಿನಲ್ಲಿ ಬ್ರಿಟಿಷರ ಕಾಫಿ ತೋಟ ಶುರುವಾಗಿದ್ದು 1854ರಲ್ಲಿ, ಮಡಿಕೇರಿ ಹತ್ತಿರ. ಕಾಡು ಕಡಿಯೋಕೆ, ಗುಂಡಿ ತೋಡೋಕೆ ಮೇಸ್ತ್ರಿಗಳು ಕೆಳಗಿನ ಊರುಗಳಿಂದ ಮುಂಗಡ ಕೊಟ್ಟು ಆಳು ಕರೆತರುತ್ತಿದ್ದರು. ಮುಂಗಡ ತಗೊಂಡವನು ಕೆಲಸ ಬಿಟ್ಟು ಹೋದರೆ ಜೈಲು. 1859ರ ಕಾಯ್ದೆಯಲ್ಲಿ ಮೂರು ತಿಂಗಳವರೆಗೆ ಶಿಕ್ಷೆ ಇತ್ತು. ಮಾಲೀಕ ಮಾತಿಗೆ ತಪ್ಪಿದರೆ ಅವನಿಗೆ ಜೈಲಿಲ್ಲ, ಆಳು ತಪ್ಪಿದರೆ ಜೈಲು. 1920ರ ದಶಕದಲ್ಲಿ ಅದು ರದ್ದಾಯಿತು.

ಅದೇ ಕಾಲದಲ್ಲಿ ಮದ್ರಾಸಿನಲ್ಲಿ ಇನ್ನೊಂದು ನಡೆಯಿತು. 1918ರ ಏಪ್ರಿಲ್‌ನಲ್ಲಿ ಬಟ್ಟೆ ಮಿಲ್ಲಿನ ಕೆಲಸಗಾರರು ಸೇರಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು, ಬಿ.ಪಿ. ವಾಡಿಯಾ ಅದರ ಮುಖಂಡರು. ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲಿನ ಗಲಾಟೆಯಲ್ಲಿ ಕಂಪನಿಯವರು ಯೂನಿಯನ್‌ನವರ ಮೇಲೇ ನಷ್ಟ ಪರಿಹಾರದ ದಾವೆ ಹಾಕಿದರು. ಸಂಘ ಕಟ್ಟಿದ್ದೇ ತಪ್ಪು ಅನ್ನೋ ಪರಿಸ್ಥಿತಿ. ಆಮೇಲೆ ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರು ದೆಹಲಿಯ ಶಾಸನ ಸಭೆಯಲ್ಲಿ ಪ್ರಸ್ತಾಪ ಇಟ್ಟು, ಕೊನೆಗೆ 1926ರಲ್ಲಿ ಟ್ರೇಡ್ ಯೂನಿಯನ್ ಕಾಯ್ದೆ ಬಂತು. ಏಳು ಜನ ಸೇರಿ ಅರ್ಜಿ ಹಾಕಿದರೆ ಸಂಘ ನೋಂದಾಯಿಸಬಹುದಿತ್ತು. ಆದರೆ ಸದಸ್ಯರ ಪಟ್ಟಿ ಇಡಬೇಕಿತ್ತು, ಲೆಕ್ಕ ಇಡಬೇಕಿತ್ತು, ಸದಸ್ಯರು ಕೇಳಿದರೆ ತೋರಿಸಬೇಕಿತ್ತು.

"ಆ ಪಟ್ಟಿ ಇಡೋ ಕಾನೂನಿಗೇ ನಾನು ಈ ಬೀರು ಇಟ್ಕೊಂಡಿರೋದು" ಅಂದರು ಮಾವ. "ತೋಟದೋರ ರಿಜಿಸ್ಟರಿಗೆ ಗೆದ್ದಲು ಹಿಡಿಯುತ್ತೆ ಮಗಳೇ. ನಮ್ಮದಕ್ಕೆ ಹಿಡಿಯೋ ಹಾಗಿಲ್ಲ."

ಮೂರನೇ ಕಟ್ಟಿನಲ್ಲಿ ಅದು ಸಿಕ್ಕಿತು.

ಉದ್ದನೇ ಲೆಡ್ಜರ್ ಹಾಳೆ, ನಾಲ್ಕು ಮಡಿಕೆ. ಮಡಿಕೆಯ ಕಡೆ ಹಳದಿ ಆಗಿ ಹರಿಯೋಕೆ ತಯಾರಾಗಿದೆ. ಮೇಲೆ ನೀಲಿ ಶಾಯಿಯಲ್ಲಿ "ಕಂಬಳಿ ವಿತರಣೆ, ಜೂನ್ 1991". ಕೆಳಗೆ 63 ಹೆಸರು. ಲೈನ್ ನಂಬರು, ಮನೆ ನಂಬರು, ಹೆಸರು, ಗಂಡನ ಅಥವಾ ಅಪ್ಪನ ಹೆಸರು, ಹೆಬ್ಬೆಟ್ಟು. 41ನೇ ಸಾಲಿನಲ್ಲಿ ಅಮ್ಮ. ಲೈನ್ 3, ಮನೆ 5. ಪಕ್ಕದಲ್ಲಿ ಅಪ್ಪನ ಹೆಸರು. ಹೆಬ್ಬೆಟ್ಟಿನ ಗುರುತು ಸ್ವಲ್ಪ ಜಾರಿದೆ. ಹಾಳೆಯ ಕೊನೆಗೆ ಆಗಿನ ಮ್ಯಾನೇಜರ್ ಸಹಿ, ತೋಟದ ಉರುಟು ಸೀಲು. ಅಕ್ಷರ ಮಾವನದೇ, ಚಿಕ್ಕ ವಯಸ್ಸಿನದು, ಈಗಿನದಕ್ಕಿಂತ ಅಚ್ಚುಕಟ್ಟು.

ಈ ಪಟ್ಟಿಯ ಹಿಂದೆ ಒಂದು ಜಗಳ ಇತ್ತಂತೆ. ಕೊಡಗಿನ ಮಳೆ ನಿಮಗೆ ಗೊತ್ತಲ್ಲ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೆ ಮೈ ಒಣಗೋದಿಲ್ಲ. ಪ್ಲಾಂಟೇಷನ್ ಕಾಯ್ದೆಯ 17ನೇ ಕಲಂನಲ್ಲಿ ಮಳೆ, ಚಳಿಗೆ ಕೊಡೆ, ಕಂಬಳಿ, ರೈನ್‌ಕೋಟ್ ಅಂತ ಹೆಸರು ಹಿಡಿದೇ ಬರೆದಿತ್ತು. ಅದರ ನಿಯಮ ಮಾಡೋದನ್ನು ರಾಜ್ಯ ಸರ್ಕಾರಕ್ಕೆ ಬಿಟ್ಟಿದ್ದರು. ಪುಸ್ತಕದಲ್ಲಿ ಇದ್ದ ಕಂಬಳಿ ಬೆನ್ನಿಗೆ ಬಂದಿರಲಿಲ್ಲ, ಅಷ್ಟೇ. ಅವತ್ತು ಎರಡು ದಿನ ಯಾರೂ ಮಸ್ಟರ್‌ಗೆ ಹೋಗಲಿಲ್ಲವಂತೆ. ಮೂರನೇ ದಿನ ಕಂಬಳಿ ಬಂತು. ಮ್ಯಾನೇಜರ್ "ತಗೊಂಡು ಹೋಗಿ" ಅಂದಾಗ ಯೂನಿಯನ್‌ನವರು "ಹಾಗಲ್ಲ, ಪಟ್ಟಿ ಮಾಡಿ, ಎರಡು ಪ್ರತಿಗೂ ಸಹಿ ಹಾಕಿ" ಅಂದರಂತೆ. ಯಾರಾದರೂ ಎರಡು ಸಲ ತಗೊಂಡರೆ ಅಂತ ಮ್ಯಾನೇಜರಿಗೂ ಅದು ಸರಿ ಅನ್ನಿಸಿತಂತೆ.

ಕಂಬಳಿ ಎಂದೋ ಹರಿದು ಹೋಯಿತು. ಅದರಲ್ಲಿ ನನ್ನನ್ನೂ ಸುತ್ತಿದ್ದಳಂತೆ ಅಮ್ಮ. ಪಟ್ಟಿ ಉಳಿಯಿತು.

ವಿಚಾರಣೆಗೆ ಒಟ್ಟು ಐದು ಸಲ ಹೋದೆವು. ಬೆಳಗ್ಗೆ ಮೊದಲ ಬಸ್ಸು, ಅಮ್ಮನ ಸೀರೆ ಸೆರಗಿನಲ್ಲಿ ಕಟ್ಟಿದ ಚಿಲ್ಲರೆ, ನನ್ನ ಕೈಯಲ್ಲಿ ಫೈಲು. ಲಾಯರ್ ಇರಲಿಲ್ಲ. ಅಮ್ಮ ಒಂದು ಅಧಿಕಾರ ಪತ್ರಕ್ಕೆ ಸಹಿ ಹಾಕಿದ್ದಳು, ಮಾವನೇ ಅವಳ ಪರ ನಿಂತರು. ತೋಟದ ಕಡೆಯಿಂದ ಲಾಯರ್ ಬಂದಿದ್ದರು. ಎರಡು ಸಲ ಅವರು ಸಮಯ ಕೇಳಿದರು. ಆ ಎರಡು ದಿನ ಬಸ್ ಚಾರ್ಜು, ನನ್ನ ಅರ್ಧ ದಿನದ ಸಂಬಳ, ಎರಡು ಪ್ಲೇಟ್ ಇಡ್ಲಿ ದಂಡ.

ಅವರ ವಾದ ಮೂರು. ಒಂದು, 2005ರವರೆಗೆ ಅಮ್ಮ ಕಾಯಂ ಅಲ್ಲ. ಎರಡು, ಒಂದು ಪೂರ್ತಿ ವರ್ಷದ ಸೇವೆ ಅನ್ನಿಸಿಕೊಳ್ಳೋಕೆ ಬೇಕಾದ 240 ದಿನ ಆ ವರ್ಷಗಳಲ್ಲಿ ದುಡಿದಿಲ್ಲ. ಮೂರು, ಕಾಫಿ ಕುಯ್ಲು ಸೀಸನ್ ಕೆಲಸ. ಕಾಯಂ ಅಲ್ಲ ಅನ್ನೋದಕ್ಕೆ ಮಾವ ಒಂದೇ ಮಾತು ಹೇಳಿದರು, ಗ್ರಾಚ್ಯುಟಿ ಕಾಯ್ದೆ ಕಾಯಂ, ಹಂಗಾಮಿ ಅಂತ ಭೇದ ಮಾಡೋದಿಲ್ಲ, ಕೂಲಿಗೆ ದುಡಿದವರೆಲ್ಲ ನೌಕರರೇ. 240 ದಿನದ ವಿಷಯಕ್ಕೆ, ಹಾಜರಿ ಪುಸ್ತಕ ತರಿಸಿ ಅಂತ ಅರ್ಜಿ ಕೊಟ್ಟರು. ಸಂಬಳದ ರಜೆ, ಹೆರಿಗೆ ರಜೆ ಕೂಡ ದುಡಿದ ದಿನದ ಲೆಕ್ಕಕ್ಕೇ ಬರುತ್ತದೆ ಅಂತ ಸೇರಿಸಿದರು.

ಮುಂದಿನ ದಿನಾಂಕಕ್ಕೆ ಲಾಯರ್ ಬಂದು ಹೇಳಿದ್ದೇನು ಗೊತ್ತಾ? ಹಳೇ ಚೆಕ್‌ರೋಲ್‌ಗಳಿಗೆ ಗೆದ್ದಲು ಹಿಡಿದು ಹಾಳಾಗಿವೆ ಅಂತ. ನಾನು ಮಾವನ ಮುಖ ನೋಡಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ನಗು ತಡೆದುಕೊಳ್ಳೋಕೆ.

ಸೀಸನ್ ವಾದ ಮಾತ್ರ ಅಮ್ಮನೇ ಮುಗಿಸಿದಳು. ಅಧಿಕಾರಿ ಕೇಳಿದರು, "ನೋಡಮ್ಮ, ಕಾಫಿ ಕುಯ್ದ ಮೇಲೆ ತೋಟದಲ್ಲಿ ನಿಮಗೆ ಏನು ಕೆಲಸ ಇರುತ್ತೆ?"

ಅಮ್ಮ ಒಂದು ಕ್ಷಣ ಅವರನ್ನೇ ನೋಡಿದಳು, ಇದೆಂಥ ಪ್ರಶ್ನೆ ಅನ್ನೋ ಹಾಗೆ. ಆಮೇಲೆ ಶುರು ಮಾಡಿದಳು.

"ರೋಬಸ್ಟಾ ಕುಯ್ದು ಮುಗಿಯೋದು ಫೆಬ್ರವರಿ ಸಾರ್. ಒಂದೊಂದ್ ವರ್ಷ ಮಾರ್ಚೂ ಆಗುತ್ತೆ. ಉದುರಿದ್ದು ಹೆಕ್ಬೇಕು. ಕಣದಲ್ಲಿ ಕಾಫಿ ಹರಡ್ಬೇಕು, ಎಳೀಬೇಕು, ಸಂಜೆ ಗುಡ್ಡೆ ಮಾಡಿ ಮುಚ್ಬೇಕು. ಅಷ್ಟ್ರಲ್ಲಿ ಹೂವಿಗೆ ನೀರು ಹೊಡೆಯೋದು, ಪೈಪು ಹೊರೋದು. ಮೆಣಸು ಕುಯ್ಯೋದು, ಏಣಿ ಹಿಡ್ಕೊಳ್ಳೋದು, ಮೆಣಸು ತುಳಿಯೋದು. ಆಮೇಲೆ ಒಣಗಿದ ಕಡ್ಡಿ ತೆಗೆಯೋದು. ಏಪ್ರಿಲ್ ಮೇನಲ್ಲಿ ಗಂಡಸರು ಮರಗಸಿ ಮಾಡ್ತಾರೆ, ಕೊಂಬೆ ನಾವು ಎಳೆದು ಹಾಕ್ಬೇಕು. ಮಳೆ ಮುಂಚೆ ಗೊಬ್ಬರ. ಮಳೆ ಹಿಡಿದ್ರೆ ಗಿಡ ನೆಡೋದು, ಚರಂಡಿ ಬಿಡಿಸೋದು, ಕಾಡು ಅಂದ್ರೆ ಕಳೆ ಕುಯ್ಯೋದು. ಮೆಣಸಿನ ಬಳ್ಳಿ ಕಟ್ಟೋದು. ಮೈಲುತುತ್ತು ಸುಣ್ಣ ಕಲಸೋದು, ಔಷಧಿಗೆ ನೀರು ಹೊರೋದು. ಮಳೆ ಬಿಟ್ರೆ ಚಿಗುರು ತೆಗೆಯೋದು, ಮತ್ತೆ ಗೊಬ್ಬರ, ಮತ್ತೆ ಕಾಡು ಕುಯ್ಯೋದು. ನವೆಂಬರ್‌ಗೆ ಅರೇಬಿಕಾ ಹಣ್ಣಾಗಿರುತ್ತೆ." ಇಲ್ಲಿ ನಿಲ್ಲಿಸಿ ಉಸಿರು ತಗೊಂಡಳು. "ಸೀಸನ್ ಯಾವ್ದು ಸಾರ್ ಇದ್ರಲ್ಲಿ?"

ಅಧಿಕಾರಿ ಬರೆಯೋದು ನಿಲ್ಲಿಸಿದ್ದರು. "ನಿಧಾನಕ್ಕೆ ಇನ್ನೊಂದ್ಸಲ ಹೇಳಿ" ಅಂದರು. ಅಮ್ಮ ಇನ್ನೊಂದು ಸಲ ಹೇಳಿದಳು. ಎರಡನೇ ಸಲ ನರ್ಸರಿ ಬುಟ್ಟೆಗೆ ಮಣ್ಣು ತುಂಬೋದೂ ಸೇರಿತು.

ಲಾಯರ್ ಕಂಬಳಿ ಪಟ್ಟಿಯ ಮೇಲೂ ಮಾತಾಡಿದರು. ಈ ಹೆಸರಿನವರು ಕೊಡಗಿನಲ್ಲಿ ನೂರು ಜನ ಇರುತ್ತಾರೆ, ಇವರೇ ಅಂತ ಹೇಗೆ ಹೇಳೋದು ಅಂದರು. ಅದು ನಿಜ, ಅಮ್ಮನದು ತೀರಾ ಸಾಮಾನ್ಯ ಹೆಸರು. ಮಾವ ಅವಸರ ಮಾಡಲಿಲ್ಲ. ಪಟ್ಟಿಯಲ್ಲಿ "ಲೈನ್ 3, ಮನೆ 5" ಅನ್ನೋದರ ಮೇಲೆ ಬೆರಳಿಟ್ಟರು. ಆಮೇಲೆ ತೋಟದವರೇ ಕಳಿಸಿದ್ದ, ಮನೆ ಖಾಲಿ ಮಾಡಿ ಅನ್ನುವ ಉತ್ತರ ತೆಗೆದು ಪಕ್ಕದಲ್ಲಿಟ್ಟರು. ಅದರಲ್ಲೂ ಲೈನ್ 3, ಮನೆ 5. ನಮ್ಮನ್ನು ಹೆದರಿಸೋಕೆ ಸೇರಿಸಿದ್ದ ಸಾಲು ನಮ್ಮ ಕೈಗೇ ಬಂದಿತ್ತು. ಆ ಐದು ಪ್ರಯಾಣದ ಬಸ್ ಚಾರ್ಜು ಅವತ್ತೇ ವಸೂಲಾಯಿತು ನನಗೆ.

ಇಷ್ಟೆಲ್ಲಾ ಹೊಗಳಿದ ಮೇಲೆ ಹೇಳಲೇಬೇಕಾದ್ದು ಇನ್ನೊಂದಿದೆ. ನಮ್ಮ ಯೂನಿಯನ್‌ನಲ್ಲಿ ಚಂದಾ ಕೊಡೋರಲ್ಲಿ ಹೆಂಗಸರೇ ಜಾಸ್ತಿ. ಪದಾಧಿಕಾರಿಗಳಲ್ಲಿ ಒಬ್ಬಳೇ ಹೆಂಗಸು. ಕುಯ್ಲಿಗೆ ಅಸ್ಸಾಂ ಕಡೆಯಿಂದ ಬರುವವರು ಈಗ ಪಕ್ಕದ ಲೈನ್‌ನಲ್ಲೇ ಇರುತ್ತಾರೆ, ಅವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಇಲ್ಲಿನ ಬುಡಕಟ್ಟಿನವರಾದ ಎರವರ ಮನೆಯವರು ತಲೆಮಾರಿನಿಂದ ಅದೇ ತೋಟದಲ್ಲಿ ದುಡಿಯುತ್ತಿದ್ದಾರೆ, ಅವರಲ್ಲಿ ರಸೀದಿ ಇಟ್ಟುಕೊಂಡವರನ್ನು ನಾನು ನೋಡಿಲ್ಲ. ಮಾವನ ಹತ್ತಿರ ಇದನ್ನು ಹೇಳಿದೆ. "ಅವರು ಸೇರಲ್ಲ" ಅಂದರು. "ಯಾರಾದ್ರೂ ಹೋಗಿ ಕರೆದಿದ್ದಾರಾ?" ಅಂದೆ. ಸುಮ್ಮನಾದರು. ಅವರಿಗೂ ವಯಸ್ಸಾಯಿತು. ಕೂಲಿ ಏರಿಕೆ ಮಾತ್ರ ಸದಸ್ಯರು, ಸದಸ್ಯರಲ್ಲದವರು ಅಂತ ನೋಡೋದಿಲ್ಲ. ಕರ್ನಾಟಕ ಪ್ಲಾಂಟರ್ಸ್ ಅಸೋಸಿಯೇಷನ್‌ನವರೂ ಯೂನಿಯನ್‌ಗಳವರೂ ಕೂತು ಒಪ್ಪಂದ ಮಾಡಿದರೆ ಚಂದಾ ಕೊಡದವರ ಕೂಲಿಯೂ ಏರುತ್ತದೆ. ಚಂದಾ ಯಾಕೆ ಕೊಡಬೇಕು ಅಂತ ಕೇಳುವ ಹುಡುಗರ ಬಾಯಿಗೆ ಇದೇ ನೆಪ.

2023ರ ಆಗಸ್ಟ್ ಮೊದಲ ವಾರದಲ್ಲಿ ಆದೇಶ ಬಂತು. ಎರಡೂವರೆ ಪುಟ. 1991ರ ಜೂನ್‌ನಿಂದ ಸೇವೆ ಸಾಬೀತಾಗಿದೆ, ಹಾಜರಿ ಪುಸ್ತಕ ಇಟ್ಟುಕೊಳ್ಳಬೇಕಾದವರು ಹಾಜರುಪಡಿಸಿಲ್ಲ, ಹಾಗಾಗಿ 31 ವರ್ಷಕ್ಕೆ 1,76,700, ಅದರ ಮೇಲೆ ಶೇ 10ರ ಸರಳ ಬಡ್ಡಿ. ತಿಂಗಳ ಕೊನೆಗೆ ಚೆಕ್ಕು ಕೊಟ್ಟರು. 15 ತಿಂಗಳ ಬಡ್ಡಿ 22,088 ಸೇರಿ 1,98,788. ಬಡ್ಡಿ ಬೇಡ ಅಂತ ಅಮ್ಮ ಒಂದು ಸಲ ಅಂದಿದ್ದಳು, "ಸಾಹೇಬ್ರಿಗೆ ಬೇಜಾರಾಗುತ್ತೆ" ಅಂತ. ಮಾವ ಅವಳನ್ನು ನೋಡಿದ ನೋಟ ನನಗೆ ಈಗಲೂ ನೆನಪಿದೆ.

ಚೆಕ್ಕು ತಗೊಳ್ಳೋಕೆ ಅದೇ ಆಫೀಸು, ಅದೇ ಮೇಜು, ಅದೇ ರೈಟರ್. ಓಚರ್ ಈ ಸಲವೂ ಇಂಗ್ಲಿಷಿನಲ್ಲೇ ಇತ್ತು. ನಾನು ಪೂರ್ತಿ ಓದಿ ಹೇಳಿದೆ, ಅಮ್ಮ ಸಹಿ ಹಾಕಿದಳು. ರೈಟರ್ "ಕನ್ನಡಕ ತಂದ್ರಾಮ್ಮ?" ಅಂದರು. ಅವರಿಗೂ ನೆನಪಿತ್ತು. "ಮಗಳನ್ನ ಕರ್ಕೊಂಡ್ ಬಂದಿದ್ದೀನಿ ಸಾರ್" ಅಂದಳು. ಲೈನ್ ಮನೆ ಅತ್ತಿಗೆಯ ಹೆಸರಿಗೆ ಆದದ್ದು ಅದಕ್ಕೂ ಎರಡು ತಿಂಗಳ ಮುಂಚೆ. ಅವಳಿಗೆ ಕಡಿದಾದ ಬರೆಯ ಸಾಲು ಸಿಕ್ಕಿದ್ದು ನಿಜ, ಒಂದು ವಾರ. ಮಾವ ಹೋಗಿ ಮೇಸ್ತ್ರಿಯ ಹತ್ತಿರ ಟೀ ಕುಡಿದು ಬಂದರು, ಏನು ಮಾತಾಡಿದರೋ ಗೊತ್ತಿಲ್ಲ, ಸಾಲು ಬದಲಾಯಿತು.

ವಾಪಸ್ ಬರುವಾಗ ಮಾವನಿಗೆ ಸಮಾಧಾನ ಇರಲಿಲ್ಲ. ಮೊದಲ ಎರಡು ವರ್ಷ ಕೈ ಬಿಟ್ಟು ಹೋಯಿತಲ್ಲ, 11,400 ರೂಪಾಯಿ. ಮೇಲ್ಮನವಿ ಹೋಗಬಹುದು, ಆದರೆ 89ರ ಮತ್ತು 90ರ ಒಂದೇ ಒಂದು ಚೀಟಿ ಇಲ್ಲ. ಬೀರು ಎರಡು ಸಲ ಜಾಲಾಡಿದ್ದಾಯಿತು. "ಏನಾದ್ರೂ ನೆನಪು ಮಾಡ್ಕೋ ತಂಗಿ. ಆ ಎರಡು ವರ್ಷ ತೋಟದೋರು ನಿಂಗೆ ಏನಾದ್ರೂ ಕೊಟ್ಟಿದ್ರಾ? ಕೊಡೆ, ಕತ್ತಿ, ಏನಾದ್ರೂ?"

ಅಮ್ಮ ನಡೆಯುತ್ತಲೇ ಯೋಚಿಸಿದಳು. ಮಳೆ ಸಣ್ಣಗೆ ಶುರುವಾಗಿತ್ತು, ಸೆರಗು ತಲೆ ಮೇಲೆ ಎಳೆದುಕೊಂಡಳು.

"ಏನೂ ಕೊಟ್ಟಿರ್ಲಿಲ್ಲ ಅಣ್ಣ. ಆ ಎರಡು ಮಳೆಗಾಲ ನಾನು ಗೋಣಿಚೀಲದ ಕೊಪ್ಪೆ ಹಾಕ್ಕೊಂಡೇ ಕಾಡು ಕುಯ್ದಿದ್ದು."